ಬೋರ್ಡು ಬರೆಯುವವನು ಆನೆ ಬರೆದದ್ದು

ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಹೋಂಸ್ಟೇ ಗೇಟಿನ ಮೇಲೆ ನಾನು ಬರೆದ ಆನೆಯೊಂದು ಬಹಳ ವರ್ಷ ನಿಂತಿತ್ತು. ನಾಲ್ಕಡಿ ಎತ್ತರ, ಬೂದು ಎನಾಮಲ್, ದಂತಕ್ಕೆ ಎರಡು ಕೋಟು ಬಿಳಿ, ಮೊರಕ್ಕಿಂತ ಅಗಲವಾದ ಕಿವಿ. ಅದು ಆಫ್ರಿಕಾದ ಆನೆ ಎಂದು ನನಗೆ ಗೊತ್ತಾದದ್ದು ನಲವತ್ನಾಲ್ಕನೇ ವಯಸ್ಸಿನಲ್ಲಿ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಲು ಕೂತ ಮೇಲೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಹಿತ್ತಲಿಗೇ ಬರುವ ಊರಿನಲ್ಲಿ ಹುಟ್ಟಿ ಬೆಳೆದವನು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನ್ನ ಕಸುಬು ಬೋರ್ಡು ಬರೆಯುವುದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕುಶಾಲನಗರದ ಒಬ್ಬ ಪೇಂಟರ್ ಬಳಿ ಡಬ್ಬ ತೊಳೆಯಲು ಸೇರಿ, ಮೂರು ವರ್ಷ ಬರಿಯ ಗೆರೆ ಎಳೆದು, ಆಮೇಲೆ ಅಕ್ಷರಕ್ಕೆ ಕೈ ಹಾಕಿದವನು. ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ತೋಟದ ಗೇಟಿನ ‘ನಾಯಿ ಇದೆ ಎಚ್ಚರಿಕೆ’ ಎಲ್ಲ ಬರೆದಿದ್ದೇನೆ. ಸೀಮೆಸುಣ್ಣ ಸವರಿದ ನೂಲನ್ನು ಬಿಗಿಯಾಗಿ ಹಿಡಿದು ಚಟ್ಟನೆ ಹೊಡೆದರೆ ಹತ್ತಡಿಯ ನೇರ ಗೆರೆ. ಚಿಕ್ಕ ಚಿತ್ರದ ಮೇಲೆ ಚೌಕ ಹಾಕಿ, ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿದರೆ ಯಾವ ಚಿತ್ರವನ್ನಾದರೂ ಹಿಗ್ಗಿಸಬಹುದು. ಆ ಆಫ್ರಿಕಾದ ಆನೆ ಬಂದದ್ದು ಹಾಗೆಯೇ, ಯಾವುದೋ ಕ್ಯಾಲೆಂಡರಿನಿಂದ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕರಗುತ್ತಾ ಹೋಯಿತು. ನಾನು ಎರಡು ದಿನ ಏಣಿಯ ಮೇಲೆ ನಿಂತು ಮಾಡುತ್ತಿದ್ದುದನ್ನು ಯಂತ್ರ ಅರ್ಧ ಗಂಟೆಯಲ್ಲಿ ಉಗುಳುತ್ತಿತ್ತು. ಉಳಿದದ್ದು ನಂಬರ್ ಪ್ಲೇಟು ಮತ್ತು ಶಾಲೆಯ ಗೋಡೆ.

ಶಾಲೆಯ ಗೋಡೆಯಿಂದಲೇ ಈ ಕಥೆ ಶುರುವಾಯಿತು. ಹತ್ತಿರದ ಸರ್ಕಾರಿ ಶಾಲೆಯ ಟೀಚರ್ ನಲಿ-ಕಲಿ ಕೊಠಡಿಗೆ ಚಿತ್ರ ಬರೆಸಿದರು. ಅವರಿಗೆ ಕಥೆ ಬರೆಯುವ ಹವ್ಯಾಸ. ಅವರ ಒಂದು ಕಥೆಯನ್ನು ಬೆಂಗಳೂರಿನ ಪ್ರಕಾಶಕರು ಒಪ್ಪಿಕೊಂಡಾಗ, ನನ್ನನ್ನು ಕೇಳದೆಯೇ ಗೋಡೆಯ ಫೋಟೋಗಳನ್ನು ಮೊಬೈಲ್‌ನಲ್ಲಿ ಕಳಿಸಿಬಿಟ್ಟಿದ್ದರು. ಒಂದು ದಿನ ಸಂಪಾದಕಿ ಫೋನ್ ಮಾಡಿ, “ನೀವೇ ಪ್ರಯತ್ನಿಸುತ್ತೀರಾ?” ಎಂದು ಕೇಳಿದರು. ಇಪ್ಪತ್ತೈದು ವರ್ಷ ಬಣ್ಣ ಹಿಡಿದವನಿಗೆ ಪ್ರಯತ್ನ ಎಂಥದ್ದು ಎಂದುಕೊಂಡು ಒಪ್ಪಿದೆ.

ಕಥೆ ಪುಟ್ಟದು, ಹನ್ನೆರಡೇ ವಾಕ್ಯ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಚಿನ್ನಿ ಮತ್ತು ಅವಳ ಅಜ್ಜಿ. ಹಿತ್ತಲಲ್ಲಿ ಹಲಸಿನ ಮರ. ರಾತ್ರಿ ಆನೆ ಬರುತ್ತದೆ, ಹಣ್ಣು ತಿನ್ನುತ್ತದೆ, ಹೋಗುತ್ತದೆ. ಬೆಳಿಗ್ಗೆ ಚಿನ್ನಿ ಹೊರಗೆ ಬಂದು ನೋಡುತ್ತಾಳೆ. ಇಷ್ಟೇ. ಇದಕ್ಕೆ 24 ಪುಟ ಏಕೆ ಎಂದು ಕೇಳಿದೆ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಹಾಳೆಯೊಂದನ್ನು ಮಡಚಿದರೆ ನಾಲ್ಕು ಪುಟ, ಹಾಗಾಗಿ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಮಗ್ಗಿಯಲ್ಲೇ ಇರಬೇಕು ಎಂದು ಸಂಪಾದಕಿ ವಿವರಿಸಿದರು. ಮೊದಲ ಪುಟ ಶೀರ್ಷಿಕೆಗೆ, ಕೊನೆಯ ಪುಟ ಪ್ರಕಾಶಕರ ವಿವರಕ್ಕೆ ಹೋದರೆ ಉಳಿಯುವುದು 22, ಅಂದರೆ ಹನ್ನೊಂದು ಜೋಡಿಪುಟ. ಮೊದಲು ಇಡೀ ಪುಸ್ತಕವನ್ನು ಒಂದೇ ಹಾಳೆಯಲ್ಲಿ, ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ಗೀಚಿ ಕಳಿಸಿ ಎಂದರು.

ನಾನು ಗೀಚಲಿಲ್ಲ, ನೀಟಾಗಿ ಬರೆದು ಕಳಿಸಿದೆ. ‘ಅಜ್ಜಿ ಬಾಗಿಲು ಹಾಕಿದಳು’ ಎಂಬಲ್ಲಿ ಅಜ್ಜಿ ಬಾಗಿಲು ಹಾಕುತ್ತಿದ್ದಾಳೆ. ‘ಆನೆ ಬಂತು’ ಎಂಬಲ್ಲಿ ನಟ್ಟನಡುವೆ ಆನೆ, ಹೋಂಸ್ಟೇ ಗೇಟಿನದ್ದೇ. ಎಲ್ಲರೂ ಎದುರು ಮುಖ ಮಾಡಿಕೊಂಡು ಫೋಟೋಕ್ಕೆ ನಿಂತ ಹಾಗೆ ನಿಂತಿದ್ದರು.

ಎರಡು ದಿನ ಬಿಟ್ಟು ಫೋನ್ ಬಂತು. “ಕೈ ಬಹಳ ಚೆನ್ನಾಗಿದೆ. ಆದರೆ ಬರಹ ಹೇಳಿದ್ದನ್ನೇ ಚಿತ್ರವೂ ಹೇಳುತ್ತಿದೆಯಲ್ಲ, ಇಬ್ಬರಲ್ಲಿ ಒಬ್ಬರಿಗೆ ಕೆಲಸವೇ ಇಲ್ಲ.”

ನನಗೆ ಸಿಟ್ಟು ಬಂತು. ಕ್ಷೌರದಂಗಡಿಯ ಬೋರ್ಡಿಗೆ ಕತ್ತರಿ ಬರೆಯದೆ ಕೋಳಿ ಬರೆದರೆ ಗಿರಾಕಿ ಒಳಗೆ ಬರುತ್ತಾನೆಯೇ? ಹೇಳಿದ್ದನ್ನು ಬರೆಯುವುದೇ ಪೇಂಟರ್ ಕೆಲಸ ಎಂದು ನಂಬಿಕೊಂಡು ಅರ್ಧ ಆಯಸ್ಸು ಕಳೆದವನು. ಎರಡು ವಾರ ಆ ಹಾಳೆಗಳನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಸಂಪಾದಕಿ ಸ್ಟೋರಿವೀವರ್ ತಾಣದ ಕೊಂಡಿ ಕಳಿಸಿದ್ದರು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಮುಕ್ತ ಪರವಾನಗಿಯ ಮಕ್ಕಳ ಪುಸ್ತಕಗಳು ಕನ್ನಡದಲ್ಲಿಯೂ ರಾಶಿ ರಾಶಿ ಇವೆ. ಮಳೆಗಾಲದ ಸಂಜೆಗಳಲ್ಲಿ ಮೊಬೈಲ್ ಹಿಡಿದು ಒಂದೊಂದನ್ನೇ ಓದಿದೆ. ಓದಿದೆ ಎನ್ನುವುದಕ್ಕಿಂತ ಲೆಕ್ಕ ಬರೆದೆ ಎನ್ನಬೇಕು. ಹಳೆಯ ಸಾಲದ ಪುಸ್ತಕವೊಂದರಲ್ಲಿ ಎಡಗಡೆ ಬರಹ ಏನು ಹೇಳಿತು, ಬಲಗಡೆ ಚಿತ್ರ ಏನು ಹೇಳಿತು ಎಂದು ಗುರುತು ಹಾಕುತ್ತಾ ಹೋದೆ. ಒಳ್ಳೆಯ ಪುಸ್ತಕಗಳಲ್ಲಿ ಎರಡೂ ಕಡೆ ಬೇರೆ ಬೇರೆ ಸರಕು ಇರುತ್ತಿತ್ತು. ಬರಹ ‘ಅಪ್ಪ ಮನೆಗೆ ಬಂದರು’ ಎಂದಷ್ಟೇ ಹೇಳಿದರೆ, ಚಿತ್ರದಲ್ಲಿ ಅಪ್ಪನ ಚೀಲದಿಂದ ಬೆಕ್ಕಿನ ಬಾಲ ಹೊರಗೆ ಇಣುಕುತ್ತಿರುತ್ತದೆ. ಮಗು ಮೊದಲು ನೋಡುವುದು ಆ ಬಾಲವನ್ನು.

ಲೆಕ್ಕ ಅರ್ಥವಾಯಿತು, ಕೈಗೆ ಬರಲಿಲ್ಲ. ಏಕೆಂದರೆ ನನಗೆ ಬರೆಯಲು ಬರುತ್ತಿದ್ದುದು ನಿಂತವರನ್ನು ಮಾತ್ರ. ಓಡುವ, ಬಗ್ಗುವ, ತಿರುಗಿ ನೋಡುವ ದೇಹ ನನ್ನ ಕೈಯಲ್ಲಿ ಇರಲೇ ಇಲ್ಲ. ಹಾಗಾಗಿ ಕುಶಾಲನಗರದ ಬಸ್ ನಿಲ್ದಾಣದಲ್ಲಿ ಕೂತು ಜನರನ್ನು ಬರೆಯಲು ಶುರು ಮಾಡಿದೆ. 2ಬಿ ಪೆನ್ಸಿಲ್, ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು, ಒಬ್ಬೊಬ್ಬರಿಗೆ ಅರ್ಧ ನಿಮಿಷ. ಬಸ್ಸು ಬಂದರೆ ನಮ್ಮ ರೂಪದರ್ಶಿ ಓಡಿಹೋಗುತ್ತಾರೆ, ಅದಕ್ಕೇ ಆ ಜಾಗ ಒಳ್ಳೆಯದು. ಕಣ್ಣು ಮೂಗಿಗೆ ಸಮಯವೇ ಇರುವುದಿಲ್ಲ. ಬೆನ್ನಿನ ಬಾಗು, ಭಾರ ಯಾವ ಕಾಲಿನ ಮೇಲಿದೆ, ಚೀಲ ಯಾವ ಭುಜವನ್ನು ಜಗ್ಗುತ್ತಿದೆ, ಈ ಮೂರು ಸಿಕ್ಕರೆ ಮನುಷ್ಯ ಸಿಕ್ಕ. ಸಂತೆ ದಿನ ಕಣಿಲೆ, ಅಂದರೆ ಎಳೆ ಬಿದಿರು, ಮಾರಲು ಬರುತ್ತಿದ್ದ ಒಬ್ಬ ಅಜ್ಜಿಯನ್ನು ಕನಿಷ್ಠ ನಲವತ್ತು ಸಲ ಬರೆದಿರಬಹುದು. ಅವರು ಕೂರುವಾಗ ಮೊದಲು ಬುಟ್ಟಿ ಕೂರುತ್ತಿತ್ತು, ಆಮೇಲೆ ಅವರು. ನನ್ನ ಪುಸ್ತಕದ ಅಜ್ಜಿ ಕೂರುವುದು ಹಾಗೆಯೇ.

ಆಮೇಲೆ ಆನೆ. ದುಬಾರೆಯ ಆನೆ ಶಿಬಿರಕ್ಕೆ ಹೋದೆ. ಬೆಳಿಗ್ಗೆ ದೋಣಿಯಲ್ಲಿ ಕಾವೇರಿ ದಾಟಿದರೆ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಬಹುದು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರೆ ನಾನು ಒಂದು ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಗೀಚುತ್ತಿದ್ದೆ. ಮೂರನೇ ಸಲ ಹೋದಾಗ ವಯಸ್ಸಾದ ಮಾವುತರೊಬ್ಬರು ಹತ್ತಿರ ಬಂದು ಪುಸ್ತಕ ಇಣುಕಿದರು.

“ಇದು ಯಾವ ಆನೆ?” ಎಂದರು.

“ಅದೇ ಅಣ್ಣ, ಅಲ್ಲಿ ಮಲಗಿದೆಯಲ್ಲ.”

“ಇದರ ಹಿಂಗಾಲು ಹಸುವಿನದ್ದು. ನಮ್ಮ ಆನೆಯದ್ದಲ್ಲ.”

ಆಮೇಲೆ ಅವರೇ ತೋರಿಸಿದರು. ಹಸು, ನಾಯಿಗಳ ಹಿಂಗಾಲು ನಡುವೆ ಹಿಂದಕ್ಕೆ ಮುರಿದಂತೆ ಕಾಣುತ್ತದೆ. ಆನೆಯದು ಹಾಗಲ್ಲ, ಕಂಬದ ಹಾಗೆ ಇಳಿದು, ಮಡಚಿದರೆ ಮನುಷ್ಯ ಮಂಡಿಯೂರಿದಂತೆ ಮಡಚುತ್ತದೆ. ಮಾವುತರ ಸಹಾಯಕನಾದ ಕಾವಾಡಿ ಹುಡುಗ ಒಂದು ಆನೆಯನ್ನು ಕೂರಿಸಿದಾಗ ಅದು ಸ್ಪಷ್ಟವಾಗಿ ಕಂಡಿತು. ಇಷ್ಟು ವರ್ಷ ನಾನು ಬರೆದ ಆನೆಗಳೆಲ್ಲ ಬೂದು ಬಣ್ಣದ ದೊಡ್ಡ ನಾಯಿಗಳು. ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ಸಾಮಾನ್ಯವಾಗಿ ನಾಲ್ಕು. ನಮ್ಮ ಆನೆಯ ತಲೆಯ ಮೇಲೆ ಎರಡು ಉಬ್ಬು, ದೇಹದಲ್ಲಿ ಎಲ್ಲಕ್ಕಿಂತ ಎತ್ತರ ಅದೇ. ಸೊಂಡಿಲ ತುದಿಗೆ ಒಂದೇ ಬೆರಳು, ಆಫ್ರಿಕಾದ್ದಕ್ಕೆ ಎರಡು. ವಯಸ್ಸಾದಂತೆ ಕಿವಿಯ ಮೇಲಂಚು ಮಡಚಿಕೊಳ್ಳುತ್ತದೆ, ಅದನ್ನು ನೋಡಿ ಮಾವುತರು ಪ್ರಾಯ ಅಂದಾಜು ಮಾಡುತ್ತಾರೆ. ಕೊನೆಗೆ ಅವರು ಹಗ್ಗವೊಂದನ್ನು ಮುಂಗಾಲಿನ ಪಾದದ ಸುತ್ತ ಸುತ್ತಿ, ಅದರ ಎರಡರಷ್ಟು ಉದ್ದವನ್ನು ನೆಲದಿಂದ ಎತ್ತಿ ಹಿಡಿದರು. ಹೆಚ್ಚುಕಡಿಮೆ ಭುಜದ ಎತ್ತರಕ್ಕೇ ಬಂತು. “ಹೆಜ್ಜೆ ನೋಡಿದರೆ ಆನೆ ಎಷ್ಟೆತ್ತರ ಅಂತ ಗೊತ್ತಾಗುತ್ತದೆ. ಆನೆಯನ್ನೇ ನೋಡಬೇಕಾಗಿಲ್ಲ” ಎಂದರು. ಆ ಮಾತು ಆಗ ಕಿವಿಗಷ್ಟೇ ಬಿತ್ತು.

ಎರಡು ತಿಂಗಳಲ್ಲಿ ಆನೆ ಕೈಗೆ ಕೂತಿತು. ಹಿಂದಿನಿಂದ, ಮೇಲಿನಿಂದ, ನೀರಿನಲ್ಲಿ ಮಲಗಿದ್ದು, ಹೇಗೆ ಬೇಕಾದರೂ ಬರೆಯಬಲ್ಲೆ ಎಂಬ ಧೈರ್ಯ ಬಂತು. ಹುರುಪಿನಿಂದ ಹೊಸದಾಗಿ ಹನ್ನೊಂದು ಜೋಡಿಪುಟ ಬರೆದು, ಮಡಚಿ, ಪಿನ್ ಹೊಡೆದು, ಪೆನ್ಸಿಲ್ಲಿನದ್ದೇ ಒಂದು ಮಾದರಿ ಪುಸ್ತಕ ಮಾಡಿದೆ. ಟೀಚರ್ ಜೊತೆ ಲೈನ್ ಮನೆಯ ಮಕ್ಕಳ ಬಳಿ ಹೋಗಿ ಓದಿಸಿದೆ. ಕನ್ನಡ, ಯರವ, ಮಲಯಾಳ, ಈಚೆಗೆ ಅಸ್ಸಾಮಿನಿಂದ ಬಂದವರದ್ದೂ ಸೇರಿ ಆ ಸಾಲಿನಲ್ಲಿ ನಾಲ್ಕು ಭಾಷೆಯ ಮಕ್ಕಳಿದ್ದರು. ‘ಆನೆ ಬಂತು’ ಪುಟ ತೆರೆದೆ. ಹಲಸಿನ ಮರದ ಕೆಳಗೆ ಬೆಳದಿಂಗಳಲ್ಲಿ ನನ್ನ ಆನೆ, ಐದು ಉಗುರು, ಎರಡು ಉಬ್ಬು, ಎಲ್ಲವೂ ಕರಾರುವಾಕ್ಕು. ಕಿಟಕಿಯಲ್ಲಿ ಚಿನ್ನಿ ಅದನ್ನು ನೋಡುತ್ತಿದ್ದಾಳೆ.

ಏಳೆಂಟು ವರ್ಷದ ಒಬ್ಬಳು ಹುಡುಗಿ ತಲೆ ಅಲ್ಲಾಡಿಸಿದಳು. “ಆನೆ ಬಂದರೆ ಕಿಟಕಿ ತೆಗೆಯುವುದಿಲ್ಲ ಅಂಕಲ್. ದೀಪ ಆರಿಸಬೇಕು. ನಾಯಿ ಮಂಚದ ಕೆಳಗೆ ಹೋಗುತ್ತದೆ. ಆಗಲೇ ನಮಗೆ ಗೊತ್ತಾಗುವುದು.”

“ಆಮೇಲೆ?”

“ಆಮೇಲೆ ಏನಿಲ್ಲ. ಹಣ್ಣು ಬೀಳುವ ಸದ್ದು ಕೇಳುತ್ತದೆ. ಬೆಳಿಗ್ಗೆ ಹೋಗಿ ನೋಡುವುದು.”

ಸಂಪಾದಕಿಯ ಮಾತಿಗೆ ಸಿಟ್ಟಾಗಿದ್ದವನು ಈ ಮಾತಿಗೆ ಸಿಟ್ಟಾಗಲಾರದೆ ಹೋದೆ. ನನ್ನ ಪುಟದಲ್ಲಿದ್ದ ಆನೆಯನ್ನು ಆ ಕಥೆಯೊಳಗೆ ಯಾರೂ ನೋಡಿರಲೇ ಇಲ್ಲ. ಅದನ್ನು ನೋಡುತ್ತಿದ್ದವನು ನಾನೊಬ್ಬನೇ, ಏಣಿಯ ಮೇಲೆ ನಿಂತುಕೊಂಡು.

ಆ ಪುಟ ಈಗ ಹೀಗಿದೆ. ಮನೆಯ ಒಳಗು. ಅಜ್ಜಿಯ ಕೈ ದೀಪದ ಬತ್ತಿಯನ್ನು ಇಳಿಸುತ್ತಿದೆ. ಮಂಚದ ಕೆಳಗೆ ಎರಡು ಕಣ್ಣು, ಒಂದು ಬಾಲ. ಚಿನ್ನಿಯ ಕಾಲ್ಬೆರಳುಗಳು ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದಿವೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳದಿಂಗಳ ಒಂದು ಗೆರೆ, ಆ ಗೆರೆ ನಡುವೆ ಒಂದೆಡೆ ಕಪ್ಪಾಗಿದೆ. ಕೆಳಗೆ ಬರಹ: ಆನೆ ಬಂತು. ಕಥೆಯ ಬರಹದಲ್ಲಿ ನಾಯಿಯ ಸುದ್ದಿಯೇ ಇಲ್ಲ. ಟೀಚರ್ ನೋಡಿ ನಕ್ಕು, “ನನ್ನ ಕಥೆಗೆ ನಾಯಿ ಸೇರಿಸಿದಿರಲ್ಲ” ಎಂದರು. ಇಡೀ ಪುಸ್ತಕದಲ್ಲಿ ಈಗ ಆನೆ ಇರುವುದು ಇಷ್ಟು: ಒಂದು ಮುಂಗಾಲು, ಹಣ್ಣನ್ನು ತಡಕುವ ಸೊಂಡಿಲ ತುದಿ, ಮಂಜಿನಲ್ಲಿ ಕರಗುವ ಬೆನ್ನು. ಬೆಳಿಗ್ಗೆಯ ಪುಟದಲ್ಲಿ ಚಿನ್ನಿ ಒಂದು ಹೆಜ್ಜೆಗುರುತಿನೊಳಗೆ ಎರಡೂ ಕಾಲಿಟ್ಟು ನಿಂತು ತಲೆ ಎತ್ತಿ ನೋಡುತ್ತಿದ್ದಾಳೆ. ಎಷ್ಟು ಎತ್ತರಕ್ಕೆ ನೋಡಬೇಕು ಎನ್ನುವುದನ್ನು ಮಾವುತರ ಹಗ್ಗದ ಲೆಕ್ಕದಿಂದಲೇ ತೆಗೆದೆ. ಹಾಗಾಗಿ ದುಬಾರೆಯ ಎರಡು ತಿಂಗಳು ದಂಡವಾಯಿತು ಎಂದು ನಾನು ಹೇಳಲಾರೆ. ನನ್ನ ಹೆಂಡತಿ ಮಾತ್ರ ದೋಣಿಯ ಖರ್ಚನ್ನು ಇನ್ನೂ ಎತ್ತಿ ಆಡುತ್ತಾಳೆ.

ಬಣ್ಣದ ಕಥೆ ಬೇರೆ. ಎನಾಮಲ್‌ನಲ್ಲಿ ತಪ್ಪು ಮಾಡಿದರೆ ಒಣಗಿದ ಮೇಲೆ ಮೇಲೊಂದು ಕೋಟು ಹೊಡೆದರೆ ಆಯಿತು. ಜಲವರ್ಣ ಅಂಥದ್ದಲ್ಲ. ಅಲ್ಲಿ ಬಿಳಿ ಬಣ್ಣ ಎಂದರೆ ಬಣ್ಣವೇ ಅಲ್ಲ, ಮುಟ್ಟದೆ ಬಿಟ್ಟ ಕಾಗದ. ಮೊದಲು ತಿಳಿ, ಆಮೇಲೆ ಗಾಢ. ಒಮ್ಮೆ ಕಪ್ಪಾಗಿಸಿದ್ದನ್ನು ಹಿಂದಕ್ಕೆ ತರಲಾಗದು. ಬಾಗಿಲ ಸಂದಿಯ ಆ ಗೆರೆಯನ್ನು, ಸುತ್ತ ಮೂರು ಸಲ ಕತ್ತಲು ಎಳೆಯುವಾಗಲೂ ನೂಲಿನಷ್ಟು ಅಗಲ ಬಿಳಿ ಉಳಿಸಬೇಕಾಗಿತ್ತು. ಐದು ಹಾಳೆ ಹಾಳಾದವು. 300 ಜಿಎಸ್‌ಎಂನ ದಪ್ಪ ಕಾಗದ, ಒಂದೊಂದು ಹಾಳೆಯ ಬೆಲೆ ನೆನೆದರೆ ಕೈ ನಡುಗುತ್ತಿತ್ತು.

ಅದೂ ಜುಲೈ ತಿಂಗಳಲ್ಲಿ. ಕೊಡಗಿನ ಜುಲೈಯಲ್ಲಿ ಒಣಗುವ ವಸ್ತು ಯಾವುದೂ ಇಲ್ಲ. ಮೊದಲ ಪದರ ಒಣಗಿದೆ ಎಂದು ಎರಡನೆಯದನ್ನು ಇಟ್ಟರೆ ಅದು ಕೆಳಗಿನದ್ದನ್ನೂ ಎಬ್ಬಿಸಿಕೊಂಡು ಹೂಕೋಸಿನ ಹಾಗೆ ಅರಳುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ಕಾಗದವೇ ಹಾಳಾಗುವುದು. ಬಣ್ಣ ಒಳಗೆ ಇಂಗದಿರಲಿ ಎಂದು ಜಲವರ್ಣದ ಕಾಗದಕ್ಕೆ ಅಂಟಿನ ಲೇಪ ಇರುತ್ತದೆ. ತೇವದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆ ಲೇಪ ಸತ್ತುಹೋಗಿ, ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯಂತೆ ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ. ಅಮ್ಮ ಹಿಂದೆ ಮಗುವಿನ ಬಟ್ಟೆ ಒಣಗಿಸಲು ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿಡುತ್ತಿದ್ದದ್ದು ನೆನಪಾಗಿ, ಚಿತ್ರವನ್ನು ಹಾಗೆ ಒಣಗಿಸಲು ನೋಡಿದೆ. ಒಣಗಿತು. ಅಂಚೆಲ್ಲ ಹೊಗೆ ಹಿಡಿದು, ಹಂದಿ ಮಾಂಸ ಕಟ್ಟಿಟ್ಟ ಅಟ್ಟದ ವಾಸನೆಯೂ ಬಂತು. ಕೊನೆಗೆ ಹಳೆಯ ಬೀರುವಿನೊಳಗೆ ಎರಡು ಬಲ್ಬು ಉರಿಸಿ ಕಾಗದವನ್ನೂ ಚಿತ್ರವನ್ನೂ ಅದರಲ್ಲಿಟ್ಟೆ. ಕರೆಂಟು ಇದ್ದ ದಿನ ಕೆಲಸ, ಇಲ್ಲದ ದಿನ ಪೆನ್ಸಿಲ್.

ಇದೆಲ್ಲದಕ್ಕಿಂತ ನನಗೆ ಅರಗಿಸಿಕೊಳ್ಳಲು ಕಷ್ಟವಾದದ್ದು ಅಕ್ಷರದ ವಿಷಯ. ಒಂದು ಜೋಡಿಪುಟದಲ್ಲಿ ಅಜ್ಜಿ, ಚಿನ್ನಿ ಅಂಗಡಿ ಬೀದಿಯಲ್ಲಿ ನಡೆಯುತ್ತಾರೆ. ನನ್ನ ಕೈ ತೋರಿಸಲು ಸಿಕ್ಕ ಜಾಗ ಅದೊಂದೇ. ಏಳು ಅಂಗಡಿಗಳಿಗೆ ಏಳು ಬಗೆಯ ಅಕ್ಷರ, ನೆರಳು ಕೊಟ್ಟದ್ದು, ದುಂಡಗಿನದ್ದು, ಓರೆಯದ್ದು, ನನ್ನ ಗುರುಗಳ ಶೈಲಿಯ ಉಬ್ಬಕ್ಷರದ ಒಂದು ಕ್ಷೌರದಂಗಡಿ. ಸಂಪಾದಕಿ ನೋಡಿ ಬಹಳ ಮೆಚ್ಚಿದರು. ಮೆಚ್ಚಿ, ಎಲ್ಲವನ್ನೂ ತೆಗೆಯಿರಿ ಎಂದರು.

ಕಾರಣ ಸರಳ. ಆ ಪುಸ್ತಕ ಬೇರೆ ಭಾಷೆಗಳಲ್ಲೂ ಬರಬೇಕಿತ್ತು. ನಾಲ್ಕು ಬಣ್ಣದ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು. ಬರಹವೆಲ್ಲ ಕಪ್ಪು ಪ್ಲೇಟಿನಲ್ಲಿ ಮಾತ್ರ ಇದ್ದರೆ, ಭಾಷೆ ಬದಲಿಸಲು ಅದೊಂದನ್ನು ಬದಲಿಸಿದರೆ ಸಾಕು. ಚಿತ್ರದೊಳಗೆ ಬಣ್ಣದಲ್ಲಿ ಕನ್ನಡ ಬರೆದರೆ ತಮಿಳು ಪುಸ್ತಕದಲ್ಲಿಯೂ ಅದು ಹಾಗೇ ಉಳಿಯುತ್ತದೆ. ಅಕ್ಷರ ಬರೆದು ಬದುಕಿದವನಿಗೆ ಅಕ್ಷರ ಬಿಟ್ಟು ಬೇರೆಲ್ಲ ಬರೆ ಎಂದಂತಾಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದು, ಬೋರ್ಡುಗಳ ಜಾಗದಲ್ಲಿ ತೂಗು ಹಾಕಿದ ಬಾಳೆಗೊನೆ, ಬಕೆಟ್ಟು, ಬಣ್ಣಬಣ್ಣದ ಕೊಡೆಗಳನ್ನು ಬರೆದೆ. ಕ್ಷೌರದಂಗಡಿಗೆ ಒಂದು ಕನ್ನಡಿ ಮತ್ತು ಅರ್ಧ ಮೀಸೆಯ ಗಿರಾಕಿ.

ಬರಹಕ್ಕೆ ಜಾಗ ಬಿಡುವುದೂ ಹಾಗೆಯೇ ಗೊಂದಲ. ರಾತ್ರಿಯ ಪುಟಗಳೆಲ್ಲ ಕಪ್ಪು, ಬರಹವೂ ಕಪ್ಪು. ಎಲ್ಲಿ ಓದುವುದು? ಇಲ್ಲಿ ಮಾತ್ರ ಊರು ನನ್ನ ಕೈ ಹಿಡಿಯಿತು. ಮಂಜು ತಂದೆ. ಕಾಫಿ ಗಿಡಗಳ ತಲೆಯ ಮೇಲೆ, ಸಿಲ್ವರ್ ಓಕ್ ಮರಗಳ ಸೊಂಟಕ್ಕೆ, ಒಂದು ತಿಳಿ ಪಟ್ಟಿ. ನೋಡುವವರಿಗೆ ಅದು ಮಂಜು, ನನಗೆ ಅದು ಬರಹದ ಜಾಗ. ಮೊದಲ ಸಲ ಆ ಪಟ್ಟಿ ಸಣ್ಣದಾಯಿತು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಸಾಲುಗಳ ನಡುವೆ ಹೆಚ್ಚು ಜಾಗ ಬೇಕು ಎಂಬುದನ್ನು, ಬೇರೆ ಯಾರೋ ಅಲ್ಲ, ಬೋರ್ಡು ಬರೆಯುವವನೇ ಮರೆತಿದ್ದೆ.

ಬೇರೆ ಪಾಠಗಳನ್ನು ಬೇಗ ಹೇಳಿಬಿಡುತ್ತೇನೆ. ಜೋಡಿಪುಟದ ಮಡಿಕೆಯ ಮೇಲೆ ಯಾರ ಮುಖವನ್ನೂ ಇಡಬಾರದು, ಮೂಗು ಹೊಲಿಗೆಯೊಳಗೆ ಹೋಗುತ್ತದೆ. ಚಿತ್ರವನ್ನು ಪುಟದಂಚಿನಿಂದ ಮೂರು ಮಿಲಿಮೀಟರ್ ಆಚೆಗೂ ಹರಿಸಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಅಂಚು ಉಳಿಯುತ್ತದೆ. ಕಾಫಿ ಎಲೆಯ ಮಿರುಗುವ ಹಸಿರು ಮುದ್ರಣದಲ್ಲಿ ಮಂಕಾಗುತ್ತದೆ, ಮುನಿಸಿಕೊಂಡು ಪ್ರಯೋಜನವಿಲ್ಲ. ಅಕ್ಕನ ಮಗಳು ಪ್ರೂಫ್ ನೋಡಿ, “ಮಾವ, ಚಿನ್ನಿಯ ಮಳೆ ಕೊಪ್ಪೆ ಇಲ್ಲಿ ನೀಲಿ, ಇಲ್ಲಿ ಹಸಿರು” ಎಂದಳು. ಸಂಪಾದಕಿ, ಟೀಚರ್, ನಾನು, ಮೂವರೂ ನಾಲ್ಕು ಸಲ ನೋಡಿ ದಾಟಿಹೋಗಿದ್ದ ಪುಟ ಅದು. ಅಂದಿನಿಂದ ಪ್ರತಿ ಪಾತ್ರದ್ದೂ ಬಟ್ಟೆ, ಬಣ್ಣ, ಎತ್ತರ ಎಲ್ಲ ಬರೆದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡೇ ಕೂರುತ್ತೇನೆ.

ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮೊದಲು ಪರಿಚಯದ ವಕೀಲರಿಗೆ ತೋರಿಸಿದ್ದು ಒಳ್ಳೆಯದಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಅರ್ಥವಂತೆ. ಬೋರ್ಡಿನ ಕಾಲದಲ್ಲಿ ನನ್ನ ಹಕ್ಕು ಎಂದರೆ ಮೂಲೆಯಲ್ಲಿ ಸಣ್ಣದಾಗಿ ಬರೆಯುತ್ತಿದ್ದ ಹೆಸರು ಮತ್ತು ಫೋನ್ ನಂಬರು.

ಪುಸ್ತಕ ಕೈಗೆ ಬಂದಾಗ ಕಾಫಿ ಕೊಯ್ಲಿನ ಗಡಿಬಿಡಿ. ಲೈನ್ ಮನೆಯ ಆ ಹುಡುಗಿಗೆ ಒಂದು ಪ್ರತಿ ಕೊಟ್ಟೆ. ‘ಆನೆ ಬಂತು’ ಪುಟದ ಮೇಲೆ ಬೆರಳಿಟ್ಟು ಬಾಗಿಲ ಸಂದಿಯ ಕಪ್ಪು ಜಾಗ ತೋರಿಸಿ ತಮ್ಮನಿಗೆ ಪಿಸುಗುಟ್ಟಿದಳು. ಏನು ಹೇಳಿದಳೋ, ಅವಳ ಮನೆಮಾತು ನನಗೆ ಬರುವುದಿಲ್ಲ. ತಮ್ಮ ಮಾತ್ರ ಪುಟ ತಿರುಗಿಸಲು ಬಿಡಲಿಲ್ಲ.

ಆ ಭಾನುವಾರ ಏಣಿ, ಬೂದು ಎನಾಮಲ್ ಡಬ್ಬ, ಎರಡು ಬ್ರಷ್ ಹಿಡಿದು ಹೋಂಸ್ಟೇ ಗೇಟಿಗೆ ಹೋದೆ. ಮಾಲೀಕರು ಹೊರಗೆ ಬಂದು, “ಏನು ಪೇಂಟರೇ, ನಾನು ಕರೆದಿಲ್ಲವಲ್ಲ?” ಎಂದರು. ಆನೆಯ ಕಿವಿ ತಪ್ಪಿದೆ, ಹಿಂಗಾಲೂ ತಪ್ಪಿದೆ, ದುಡ್ಡು ಬೇಡ ಎಂದೆ. ಅವರು ಆನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಬಂದವರೆಲ್ಲ ಆ ಕಿವಿಯ ಮುಂದೆ ನಿಂತೇ ಫೋಟೋ ತೆಗೆಸಿಕೊಳ್ಳುತ್ತಾರೆ, ಜಾಸ್ತಿ ಚಿಕ್ಕದು ಮಾಡಬೇಡಿ” ಎಂದು ಒಳಗೆ ಹೋದರು. ತಲೆಗೆ ಎರಡು ಉಬ್ಬು ಎಬ್ಬಿಸಿದೆ. ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು. ಕಿವಿಯನ್ನು ಅರ್ಧಕ್ಕೆ ಇಳಿಸಿ ಮೇಲಂಚನ್ನು ತುಸು ಮಡಚಿದೆ, ಇಷ್ಟು ವರ್ಷ ಗೇಟು ಕಾದ ಆನೆಗೆ ಪ್ರಾಯವಾಗಿರಬೇಕಲ್ಲ. ಹಳೆಯ ಕಿವಿ ಎನಾಮಲ್ಲಿನ ಒಂದೇ ಕೋಟಿಗೆ ಮುಚ್ಚಿಹೋಯಿತು.